ಮೊನೆ ಬಾಗಿದ ಬಯೋನೆಟ್ಟು

“ನಮ್ಮಜ್ಜ ಇಂಗ್ಲಿಷ್ ಸಿಪಾಯಿ ಕೈಯಾಗಿಂದ ಕಸಕೊಂಡು ಅವನ ಎದಿಗೇ ಹೊಡದಾನ. ಅದಕ್ಕ ಮೊನಿ ಬಾಗ್ಯದ. ಬರಕೋ ತಮ್ಮಾ,” ಎಂದು ಭಗವಂತ ಮೂರನೆಯ ಸಲ ಹೇಳಿದ.

“ಎದಿ ಅಷ್ಟು ಗಟ್ಟಿ ಇತ್ತೇನ್ರಿ ಕಾಕಾ?” ಎಂದ ವಸ್ತುಸಂಗ್ರಹಾಲಯದ ಗುಮಾಸ್ತ ಮೌಲಾಲಿ. ಅವನ ಪೆನ್ನು ಅಲುಗಲಿಲ್ಲ.

ವಾಡಿಯ ನಿವೃತ್ತ ರೈಲ್ವೆ ನೌಕರ ಭಗವಂತ ಮನೆಯ ಹಳೆಯ ಬಯೋನೆಟ್ಟನ್ನು, ಬಂದೂಕಿನ ತುದಿಗೆ ಸಿಕ್ಕಿಸುವ ಆ ಚೂರಿಯನ್ನು, ಇಲ್ಲಿಗೆ ಕೊಟ್ಟು ತಿಂಗಳಾಗಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಅದರ ಪಕ್ಕ ಇಡುವ ಚೀಟಿಯಲ್ಲಿ ತಮ್ಮ ಮನೆತನದ ಹೆಸರು ಬರಬೇಕು, ಅಷ್ಟೇ ಅವನ ಆಸೆ. ಉಳಿದದ್ದೆಲ್ಲ ತಾನೇ ಹೊಸೆದ ಕಥೆ ಎಂಬುದು ಅವನಿಗೂ ಗೊತ್ತು. ಆದರೆ ಇಪ್ಪತ್ತು ವರ್ಷ ಚಹಾದಂಗಡಿಯಲ್ಲಿ ಹೇಳಿದವನು ಈಗ ಹಿಂದೆ ಸರಿಯುವುದು ಹೇಗೆ? ಹೆಂಡತಿ ಪೀರಮ್ಮನನ್ನು ಜೊತೆಗೆ ಕರೆತಂದದ್ದೇ ತಪ್ಪಾಗಿತ್ತು.

“ನಿಮ್ಮಜ್ಜ ಇಂಗ್ಲಿಷರ್ನ ಎಲ್ಲಿ ನೋಡ್ಯಾರ್ರಿ? ಸುಲೇಪೇಟ ಸಂತ್ಯಾಗ ನಾಕ್ ಸೇರು ಜ್ವಾಳ ಕೊಟ್ಟು ತಂದಾರಂತ ಅತ್ತಿನೇ ಹೇಳ್ಯಾರ.”

“ನೀ ಸುಮ್ನ ಕುಂದ್ರು. ಮತ್ತ ಮೊನಿ ಹ್ಯಾಂಗ ಬಾಗ್ತು?”

“ನಾನೇ ಬಾಗ್ಸೀನಿ. ಬಚ್ಚಲ ಕಟ್ಟೋ ಮುಂದ ಅಂಗಳದಾಗಿನ ಶಹಾಬಾದ ಫರಸಿ ಕಲ್ಲು ಎಬ್ಬಿಸ್ಲಿಲ್ಲೇನು, ಇದ್ರಿಂದ?”

ಮೌಲಾಲಿ ಬರೆಯತೊಡಗಿದ.

“ಏ, ಅದನ್ಯಾಕ ಬರ್ಯಾಕತ್ತೀದಿ?”

“ಕಣ್ಣಾರೆ ಕಂಡವ್ರು ಹೇಳಿದ್ದಷ್ಟ ಬರಿ ಅಂದಾರ ನಮ್ಮ ಸಾಹೇಬ್ರು. ಒಳಗ ಇಂಥವು ಇನ್ನೂ ಹನ್ನೊಂದು ಅವ ಕಾಕಾ. ಹನ್ನೊಂದೂ ಯಾರ್ಯಾರದೋ ಅಜ್ಜ ಕಸಕೊಂಡವೇ. ಫರಸಿ ಎಬ್ಬಿಸಿದ್ದು ಇದೊಂದೇ.”

ಭಗವಂತನ ಮುಖ ಸಣ್ಣದಾಯಿತು. “ಮತ್ತ ನನ್ನ ಹೆಸರು? ಇದರ ಮ್ಯಾಲ ರಕ್ತ ಬಿದ್ದದ, ಅದಾದ್ರೂ ಬರಿ.”

“ಅದು ಖರೇ ಅದ,” ಎಂದಳು ಪೀರಮ್ಮ. “ಇವ್ರು ಫರಸಿ ಆ ಕಡಿ ಹಿಡಕೊಂಡು ನಿಂತಿದ್ರು. ಇದು ಜಾರಿ ಇವರ ಕಾಲ ಹೆಬ್ಬೆರಳಿಗಿ ಚುಚ್ತು. ಇವತ್ತಿಗೂ ಕುಂಟತಾರ.”

ಆ ಕುಂಟು ರೈಲ್ವೆ ಕೆಲಸದಲ್ಲಿ ಬಿದ್ದ ಪೆಟ್ಟಿನದೆಂದು ಅರ್ಧ ವಾಡಿ ನಂಬಿತ್ತು. ಭಗವಂತ ನಾಚಿಕೊಂಡು ಕಾಲನ್ನು ಮೆಲ್ಲಗೆ ಕುರ್ಚಿಯಡಿ ಸರಿಸಿಕೊಂಡ.

ಮೌಲಾಲಿ ಚೀಟಿ ಎತ್ತಿ ಓದಿದ: “‘ಇಂಗ್ಲಿಷ್ ಸೈನ್ಯದ ಬಯೋನೆಟ್. ಮೊನೆ ಬಾಗಿಸಿದವರು: ಪೀರಮ್ಮ, ವಾಡಿ. ಗಾಯಗೊಂಡವರು: ಅವರ ಪತಿ ಭಗವಂತ. ಕಾಲಿನ ಹೆಬ್ಬೆರಳು.’ ಆಗ್ತದಲ್ರಿ ಕಾಕಾ?”

ಭಗವಂತ ಚೀಟಿಯನ್ನು ಎರಡು ಸಲ ನೋಡಿದ. ಅವನಿಗೇ ನಗು ಬಂತು.

“ಆಗ್ತದ. ನಮ್ಮ ಮನಿತನದಾಗ ಈ ಬಯೋನೆಟ್ಟಿಗಿ ಎದುರು ನಿಂತಾವ ನಾನೊಬ್ನೇ. ಬರೇ ಆ ‘ಕಾಲಿನ ಹೆಬ್ಬೆರಳು’ ಅನ್ನೋದು ಹೊಡದ್ಹಾಕು ತಮ್ಮಾ. ಗಾಯ ಎದಿಗಿ ಆಗ್ಯದಂತ ಓದಾವ್ರು ತಿಳಕೊಳ್ಲಿ.”