ಮೇಷ್ಟ್ರ ಕಾರಿನ ಪರ್ಸೆಂಟು

ಕೆಲವರಿಗೆ ಬಿಪಿ ಮೇಲೆ ಕಣ್ಣು, ಕೆಲವರಿಗೆ ಚಿನ್ನದ ರೇಟಿನ ಮೇಲೆ. ನನ್ನ ಕಣ್ಣು ಕಾರಿನ ಬ್ಯಾಟರಿ ಪರ್ಸೆಂಟಿನ ಮೇಲೆ. ಚಿತ್ರದುರ್ಗದಲ್ಲಿ ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಗಣಿತ ಹೇಳಿಕೊಡುವ ಮೇಷ್ಟ್ರು ನಾನು. ಕರೆಂಟಿನ ಕಾರು ತಂದ ಮೇಲೆ, ಅದು ಎಷ್ಟು ದೂರ ಓಡುತ್ತದೆ ಅನ್ನುವ ಒಂದೇ ಒಂದು ಲೆಕ್ಕ ಇವತ್ತಿಗೂ ಬಿಡಿಸಲು ಆಗಿಲ್ಲ. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

೧. ತಳದ ಅಕ್ಕಿ

ಕೊಳ್ಳುವಾಗ ಹೇಳಿದ್ದು ಇನ್ನೂರೈವತ್ತು ಕಿಲೋಮೀಟರು. ಓಡಿದ್ದು ನೂರಾ ಅರವತ್ತು. ಶೋರೂಮಿಗೆ ಓಡಿದೆ. ಅಲ್ಲಿಯವನು ತಾಳ್ಮೆಯಿಂದ ವಿವರಿಸಿದ. ಬ್ಯಾಟರಿಯ ಅಷ್ಟೂ ಕರೆಂಟನ್ನು ಬಳಸಲು ಬಿಡುವುದಿಲ್ಲವಂತೆ, ಬ್ಯಾಟರಿ ಬಾಳಿಕೆ ಬರಲಿ ಅಂತ ಒಂದಷ್ಟನ್ನು ಒಳಗೇ ಹಿಡಿದಿಡುತ್ತಾರಂತೆ. ಮಿಕ್ಕಿದ್ದರಲ್ಲಿ ಏಸಿಗಿಷ್ಟು, ಏರುದಾರಿಗಿಷ್ಟು, ಕಾಲು ಒತ್ತಿದರೆ ಇನ್ನಷ್ಟು ಹೋಗುತ್ತದಂತೆ.

ಮನೆಗೆ ಬಂದು ಇದನ್ನೆಲ್ಲ ಹೆಂಡತಿಗೆ ಬೋರ್ಡಿನ ಮೇಲೆ ಬರೆಯುವ ಹಾಗೆ ಬಿಡಿಸಿ ಹೇಳಿದೆ. ಅವಳು ಸೊಪ್ಪು ಸೋಸುತ್ತಲೇ, "ಅದಕ್ಕೆ ಇಷ್ಟೊಂದು ಯಾಕ್ರಿ? ಡಬ್ಬಿ ತಳದ ಅಕ್ಕಿ. ಲೆಕ್ಕಕ್ಕೈತೆ, ಅನ್ನಕ್ಕಿಲ್ಲ" ಅಂದಳು.

೨. ಸಾಹೇಬರ ಬೆವರು

ನಮ್ಮ ಬೀದಿಯ ಬಟ್ಟೆ ಅಂಗಡಿ ಸಾಹೇಬರು ಮಗಳ ಮದುವೆ ಕಾರ್ಡು ಕೊಡಲು ಹಿರಿಯೂರಿಗೆ, ಅಲ್ಲಿಂದ ಯಲ್ಲದಕೆರೆಗೆ ಹೋಗಬೇಕಿತ್ತು. ಏಪ್ರಿಲ್ ತಿಂಗಳು, ಮಟಮಟ ಮಧ್ಯಾಹ್ನ. ನನ್ನ ಕಾರಿನಲ್ಲೇ ಕರೆದೊಯ್ಯುತ್ತೇನೆ ಅಂದೆ. ಊರು ದಾಟುವಷ್ಟರಲ್ಲಿ ಮೀಟರು ನಾಲ್ಕು ಇಳಿಯಿತು. ನನ್ನ ಜೀವವೂ ಇಳಿಯಿತು. ಏಸಿ ಆರಿಸಿದೆ. ಕಿಟಕಿ ತೆಗೆದರೆ ಗಾಳಿಯ ತಡೆಗೆ ಚಾರ್ಜು ಖರ್ಚಾಗುತ್ತದೆ ಅಂತ ಅದನ್ನೂ ತೆಗೆಯಗೊಡಲಿಲ್ಲ. ಸಾಹೇಬರ ಬಿಳಿ ಜುಬ್ಬಾ ಮೈಗೆ ಅಂಟಿಕೊಂಡಿತು. ಮದುವೆ ಕಾರ್ಡಿನಲ್ಲೇ ಗಾಳಿ ಬೀಸಿಕೊಂಡರು ಪುಣ್ಯಾತ್ಮರು.

ವಾಪಸ್ ಬಂದು ಮನೆ ಮುಂದೆ ನಿಂತಾಗ ಮೀಟರಿನಲ್ಲಿ ಇನ್ನೂ ಮೂವತ್ತೆಂಟು ಉಳಿದಿತ್ತು. ಸಾಹೇಬರು ಅದನ್ನು ನೋಡಿದರು, ನನ್ನನ್ನೂ ನೋಡಿದರು. "ಮೇಷ್ಟ್ರೇ, ನಮ್ಮ ಅಬ್ಬಾ ಟಾಂಗಾ ಇಟ್ಟಿದ್ರು. ಕುದುರೆ ಮೇವು ಉಳೀಲಿ ಅಂತ ಕುಂತೋರನ್ನ ಬೇಯಿಸ್ತಿರ್ಲಿಲ್ಲ."

೩. ಊರಿಗೆ ಹೋಗಿ ತಿಳಿಸ್ತೀವಿ

ನನ್ನ ಅಕ್ಕನ ಮಗನಿಗೆ ಹೊಸದುರ್ಗದ ಹತ್ತಿರದ ಹಳ್ಳಿಯಲ್ಲಿ ಹೆಣ್ಣು ನೋಡಲು ಹೊರಟೆವು. ಹುಡುಗಿಗೆ ತಾಲ್ಲೂಕು ಆಫೀಸಿನಲ್ಲಿ ಕೆಲಸ. ಇವನು ಫೋಟೋ ನೋಡಿಯೇ ಮನಸ್ಸು ಕೊಟ್ಟಿದ್ದ. ಭಾವನಿಗೆ ಜ್ವರ, ಹಾಗಾಗಿ ಕಾರಿನಲ್ಲಿ ಅಕ್ಕ, ಅವನು, ನಾನು. ಹೊಳಲ್ಕೆರೆ ಬರುವ ಹೊತ್ತಿಗೆ ಅಕ್ಕನಿಗೆ ಜ್ಞಾನೋದಯವಾಯಿತು. ಶುಭ ಕೆಲಸಕ್ಕೆ ಮೂರು ಜನ ಹೋಗಬಾರದು. ಸರಿ, ನಾಲ್ಕನೆಯವರಾಗಿ ಭಾವನ ದೊಡ್ಡಪ್ಪನನ್ನು ಕರೆತರಲು ತಾಳ್ಯಕ್ಕೆ ತಿರುಗಿಸಿದೆ. ಅವರು ಊಟ ಮಾಡದೆ ಬಿಡಲಿಲ್ಲ, ರೇಷ್ಮೆ ಸೀರೆ ಬೆವರಿಗೆ ಹಾಳಾಗುತ್ತದೆಂದು ಅಕ್ಕ ಏಸಿ ಆರಿಸಗೊಡಲಿಲ್ಲ. ಗುಡ್ಡದ ಮೇಲೆಲ್ಲ ಗಾಳಿ ಫ್ಯಾನುಗಳು ಯಾರ್ಯಾರಿಗೋ ಕರೆಂಟು ಮಾಡುತ್ತ ತಿರುಗುತ್ತಿದ್ದವು. ನನ್ನ ಮೀಟರು ಮಾತ್ರ ಇಳಿಯುತ್ತಿತ್ತು. ಹುಡುಗಿ ಮನೆ ಮುಟ್ಟಿದಾಗ ಉಳಿದಿದ್ದು ಒಂಬತ್ತು ಪರ್ಸೆಂಟು.

ನಾಚಿಕೆ ಬಿಟ್ಟು, ಕಾರಿಗೆ ಸ್ವಲ್ಪ ಕರೆಂಟು ಬೇಕು ಅಂದೆ. ಹುಡುಗಿಯ ತಂದೆ ತಾವೇ ಅಡಿಗೆಮನೆ ಕಿಟಕಿಯಿಂದ ವೈರು ಎಳೆದು ಕೊಟ್ಟರು. ಒಳಗಿನಿಂದ ಅಜ್ಜಿಯ ದನಿ ಕೇಳಿಸಿತು: "ವರದಕ್ಷಿಣೆ ಬ್ಯಾಡ ಅಂದ್ರು, ಈಗ ಕರೆಂಟ್ ಕೇಳ್ತಾರಲ್ಲೇ."

ಹತ್ತು ನಿಮಿಷಕ್ಕೆ ಇಡೀ ಊರಿನ ಕರೆಂಟು ಹೋಯಿತು. ಒಳಗೆ ಮಾತು, ಕೇಸರಿಬಾತು ಎಲ್ಲ ಚೆನ್ನಾಗಿಯೇ ಆದವು. ಅಕ್ಕನಿಗೂ ಹುಡುಗಿ ಹಿಡಿಸಿದ್ದಳು. ಆದರೆ ಕೂತ ಜಾಗದಲ್ಲೇ ಹ್ಞೂಂ ಅಂದರೆ ಗಂಡಿನ ಕಡೆಯವರ ಗತ್ತು ಏನಾಗಬೇಕು? ಕುಂಕುಮ ಇಟ್ಟುಕೊಂಡು ಎದ್ದು, "ಊರಿಗೆ ಹೋಗಿ ತಿಳಿಸ್ತೀವಿ" ಅಂದಳು. ನಮ್ಮ ಕಡೆ ಈ ಮಾತು ಅಂದರೆ ಮುಕ್ಕಾಲು ಪಾಲು ಇಲ್ಲ ಅಂತಲೇ. ಹುಡುಗಿಯ ತಂದೆಯ ಮುಖ ಸಣ್ಣದಾಯಿತು. ನನ್ನ ಅಳಿಯನಂತೂ ಚಪ್ಪಲಿ ಹಾಕಿಕೊಳ್ಳಲೂ ಮರೆತು ನಿಂತ.

ನಾನು ಹೋಗಿ ಮೀಟರು ನೋಡಿದೆ. ಹತ್ತು. ಊರು ಮುಟ್ಟಲು ಸಾಲದು, ಕರೆಂಟೂ ಇನ್ನೂ ಬಂದಿಲ್ಲ. ಬಂದು ಅಕ್ಕನ ಕಿವಿಯಲ್ಲಿ ಹೇಳಿದೆ. ಅಕ್ಕ ಮತ್ತೆ ಕೂತಳು. ಎಲ್ಲರೂ ಕೂತರು. ಹೇಳುವುದೆಲ್ಲ ಹೇಳಿ ಮುಗಿದ ಮೇಲೆ ಎದುರುಬದುರು ಕೂತಿರುವ ಕಷ್ಟ ಶತ್ರುವಿಗೂ ಬೇಡ. ಒಂದು ಗಂಟೆ ಆಯಿತು. ದೊಡ್ಡಪ್ಪ ಕೂತಲ್ಲೇ ಗೊರಕೆ ಹೊಡೆದರು. ಅಕ್ಕ ಇನ್ನೊಂದು ಸಲ ಎದ್ದಳು, ಇನ್ನೊಂದು ಸಲ ಕುಂಕುಮ ಇಟ್ಟರು, ಇನ್ನೊಂದು ಸಲ ಕೂತಳು. ನನ್ನಿಂದ ಹುಡುಗನ ಮದುವೆ ಮುರಿಯಿತಲ್ಲ ಅಂತ ನನಗೆ ಅಳುವೇ ಬಂತು.

ಆಗ ಹುಡುಗಿ ಎರಡನೇ ಸಲ ಕಾಫಿ ತಂದಳು. ಅಕ್ಕನ ಕೈಗೆ ಲೋಟ ಕೊಟ್ಟು, ಬಾಗಿಲಾಚೆ ನಿಂತಿದ್ದ ನನ್ನ ಕಾರನ್ನು ನೋಡಿ, ಮೆಲ್ಲಗೆ ಅಂದಳು:

"ಅಮ್ಮಾ, ನೀವು ಊರಿಗೆ ಹೋಗಿ ತಿಳಿಸಾದು ಈ ಕಾರಲ್ಲೇ ಆದ್ರೆ, ಏನಿದ್ರೂ ಇಲ್ಲೇ ಹೇಳಿಬಿಡ್ರಿ."

ಅಕ್ಕನಿಗೆ ಕಾಫಿ ನೆತ್ತಿಗೇರುವಷ್ಟು ನಗು ಬಂತು. ಗತ್ತೆಲ್ಲ ಅಲ್ಲಿಗೇ ಇಳಿಯಿತು. ಸೆರಗಿನಿಂದ ಕಣ್ಣು ಒರೆಸಿಕೊಂಡು ಹುಡುಗಿಯ ಕೈ ಹಿಡಿದಳು.

"ಒಪ್ಪಿದೀವಿ ಕಣವ್ವ. ಮದುವೆಗೆ ಮಾತ್ರ ಡೀಸೆಲ್ ಗಾಡೀಲಿ ಬರ್ತೀವಿ."