ರಾಣಿಯ ಕುಬಸ

ನಮ್ಮ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ತ್ರಿಕಾಲಜ್ಞಾನಿ. ನಂಬಿಕೆಯಿಲ್ಲದವರು ಶಹಾಪುರದ ನಮ್ಮ ಓಣಿಗೆ ಬಂದು ವಿಚಾರಿಸಬಹುದು!

ಸಂಜೆ ಏಳಕ್ಕೆ ಟೀವಿಯಲ್ಲಿ ಒಂದು ಮಾಯಾಲೋಕದ ಧಾರಾವಾಹಿ ಬರುತ್ತದೆ. ಏಳು ಕೋಟೆಯ ರಾಣಿ, ಮಾಟ ಬಲ್ಲ ಮೈದುನ, ಮಾತಾಡುವ ಬಾವಿ. ಅದು ಮೊದಲು ಹಿಂದಿಯಲ್ಲಿ ಬಂದಾಗ ಓಣಿಯಲ್ಲಿ ಪೂರ್ತಿ ನೋಡಿದವಳು ಅತ್ತೆ ಒಬ್ಬಳೇ. ಮುಂದೆ ಅದೇ ಧಾರಾವಾಹಿ ಕನ್ನಡ ಕಲಿತು ಮರಳಿ ಬಂತು. ಓಣಿಗೆ ಓಣಿಯೇ ಹುಚ್ಚಾಯಿತು. ನಾಳೆಯ ಕಥೆ ಗೊತ್ತಿರುವುದು ಯಾರಿಗೆ? ಅತ್ತೆಗೆ! ಅದನ್ನು ಅವಳು ಪುಕ್ಕಟೆ ಹಂಚುವವಳೇ?

"ಅಕ್ಕಾರ, ನಾಳಿ ರಾಣಿ ಕಲ್ಲಾಗತಾಳೇನ್ರಿ?" ಎಂದು ಎದುರುಮನೆಯಾಕೆ ಬರುತ್ತಾಳೆ.

"ಮೊದಲ ಈ ಬಳ್ಳೊಳ್ಳಿ ಸುಲಿ. ಆಮ್ಯಾಲ ಹೇಳತೀನಿ."

"ಇಷ್ಟೂ ಸುಲೀಬೇಕೇನ್ರಿ?"

"ಅರ್ಧ ಸುಲದ್ರ ಆಕಿ ಅರ್ಧ ಕಲ್ಲಾಗತಾಳ ನೋಡು!"

ಅತ್ತೆಯ ಕಸುಬು ಹೊಲಿಗೆ. ಈ ಧಾರಾವಾಹಿಯ ಚರಿತ್ರೆ ಬರೆಯುವವರು ಅವಳ ಮಷಿನ್ನಿಗೆ ಒಂದು ಅಧ್ಯಾಯ ಮೀಸಲಿಡಲೇಬೇಕು. ಸುರಪುರದ ಅಂಗಡಿಗಳಿಗೆ 'ರಾಣಿ ಬಳೆ' ಬಂತು, ಯಾದಗಿರಿಯ ಬಸ್ ನಿಲ್ದಾಣಕ್ಕೆ 'ರಾಣಿ ಕ್ಲಿಪ್ಪು' ಬಂತು, ನಿಜ. ಆದರೆ ರಾಣಿಯ ತೋಳನ್ನು ತಂದವಳು ನಮ್ಮ ಅತ್ತೆ! ಮೊಣಕೈಯಲ್ಲಿ ಗಂಟೆಯಂತೆ ಅರಳಿ ಮೊಳದುದ್ದ ಜೋಲುವ ತೋಳು. ಕಕ್ಕೇರಾದ ಮದುಮಗಳೊಬ್ಬಳು ಅದನ್ನು ತೊಟ್ಟು ಊಟಕ್ಕೆ ಕೂತು, ರೊಟ್ಟಿಯ ಜೊತೆ ತೋಳನ್ನೂ ಸಾರಿಗೆ ಅದ್ದಿ, ವಾರದೊಳಗೆ ಜಗಳಕ್ಕೆ ಬಂದಳು.

"ಇದ ತೊಟ್ಟು ಉಣ್ಣೂದು ಹ್ಯಾಂಗ್ರಿ?"

ಅತ್ತೆ ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳು: "ರಾಣಿ ಉಣ್ಣೂದು ಒಂದಿನರ ನೋಡೀಯೇನವಾ?"

ಹುಡುಗಿ ಯೋಚಿಸಿದಳು. ನಿಜಕ್ಕೂ ನೋಡಿರಲಿಲ್ಲ!

ಓಣಿಯ ಬಸುರಿಯರ ಕುಬಸವೂ ಅವಳದೇ ಹೊಲಿಗೆ. ಏಳನೇ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಕುಬಸ ತಂದು, ಕುಂಕುಮ ಹಚ್ಚಿ, ಉಡಿ ತುಂಬುತ್ತಾರೆ. ಕುಂಕುಮದ ಹೊತ್ತಿಗೆ ಮಾತ್ರ ಅತ್ತೆಗೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ಬಂದುಬಿಡುತ್ತದೆ. ಮಾವ ತೀರಿಕೊಂಡಾಗಿನಿಂದ ಹಾಗೆ. ಹೋಗು ಎಂದು ಯಾರೂ ಅನ್ನುವುದಿಲ್ಲ. ಬಾ ಎಂದೂ ಅನ್ನುವುದಿಲ್ಲ.

ಈ ಸಲ ರಾಣಿಗೇ ಏಳು ತಿಂಗಳು ತುಂಬಿತು. ಅವಳ ತವರನ್ನು ಮೈದುನ ಆಗಲೇ ಸುಟ್ಟು ಬೂದಿ ಮಾಡಿದ್ದ. ನನಗೂ ಏಳು ತಿಂಗಳು. ಅವ್ವನಿಲ್ಲದ ಮನೆಯಲ್ಲಿ ಶಾಸ್ತ್ರ ಬೇಡ ಎಂದು ಮೊದಲೇ ಹೇಳಿ, ಯಾದಗಿರಿಯಿಂದ ನಾಲ್ಕು ದಿನ ಇದ್ದು ಹೋಗಲು ಬಂದಿದ್ದೆ. ಅತ್ತೆ ನನಗೆ ಏನೂ ಅನ್ನಲಿಲ್ಲ. ಅವಳ ಚಿಂತೆಯೆಲ್ಲ ರಾಣಿಯದು.

"ತವರಿಲ್ಲದ ಹುಡುಗಿ. ನಾವು ಮಾಡಲಿಲ್ಲಂದ್ರ ಯಾರ್ ಮಾಡ್ಬೇಕು?"

ಟೀವಿಯ ಮುಂದೆ ಹಸಿರು ಕುಬಸ, ಬಳೆ, ಸಜ್ಜಕದ ಹೋಳಿಗೆ! ಓಣಿಯ ಹೆಂಗಸರು ನಗುತ್ತಲೇ ಬಂದು ಕೂತರು. ರಾಣಿಯ ಮುಖ ತೆರೆ ತುಂಬ ಬರುವ ಗಳಿಗೆಗೆ ಕಾದು, ಅತ್ತೆ ಕುಂಕುಮದ ಬೆರಳು ಒತ್ತಲು ಹೋದಳು. ಅಷ್ಟರಲ್ಲಿ ಜಾಹೀರಾತು! ತ್ರಿಕಾಲಜ್ಞಾನಿಗೂ ಅದೊಂದು ಗೊತ್ತಾಗುವುದಿಲ್ಲ. ಕುಂಕುಮ ಹೋಗಿ ಸಿಮೆಂಟು ಮಾರುವ ಗಂಡಸಿನ ಹಣೆಗೆ ಕೂತಿತು.

"ಅಯ್ಯ, ಬಸುರಿ ಮೀಸಿ ಬಿಟ್ಟಾಳಲ್ರೀ!" ಎಂದು ಎದುರುಮನೆಯಾಕೆ ಕೂಗಿದಳು.

"ಇರಲಿ ಬಿಡು. ಅಂವನೂ ಯಾವ್ದೋ ತಾಯಿ ಮಗ."

ನಕ್ಕು ನಕ್ಕು ಎಲ್ಲರ ಕಣ್ಣಲ್ಲಿ ನೀರು. ಆ ನಗೆಯಲ್ಲಿ, ಕುಂಕುಮ ಹಚ್ಚಿದವಳು ಯಾರೆಂಬುದು ಯಾರಿಗೂ ಹೊಳೆಯಲಿಲ್ಲ.

ಎಲ್ಲರೂ ಹೋದ ಮೇಲೆ ಅತ್ತೆ ಕುಬಸ ಮಡಚಿ ನನ್ನ ಕೈಗಿಟ್ಟಳು. "ಆಕಿ ಏನ್ ತೊಡತಾಳ? ಸುಮ್ನ ಹಾಳಾಗತದ. ನೀ ಇಟ್ಕೋ."

ಒಳಗೆ ಹೋಗಿ ತೊಟ್ಟು ನೋಡಿದೆ. ನಾನು ಅಳತೆ ಕೊಟ್ಟಿರಲಿಲ್ಲ. ಆದರೂ ಎಲ್ಲೂ ಬಿಗಿಯಿಲ್ಲ, ಎಲ್ಲೂ ಸಡಿಲಿಲ್ಲ. ತೋಳು ಮಾತ್ರ ರಾಣಿಯದಲ್ಲ; ಗಿಡ್ಡ ತೋಳು, ಕೂತು ಉಣ್ಣಲು ಬರುವಂಥದು.

ಹೊರಗೆ ಬಂದು ಟೀವಿ ಬಂದ್ ಮಾಡಿದೆ. ಕುಂಕುಮದ ಬಟ್ಟಲನ್ನು ಅವಳ ಮುಂದಿಟ್ಟು ಕೂತೆ.

"ಅತ್ತಿ, ನೀನೇ ಹಚ್ಚು."

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಬೆರಳು ಅದ್ದಿದಳು. ನನ್ನ ಹಣೆಯ ಹತ್ತಿರ ತಂದು, ಅಲ್ಲೇ ತಡೆದು, ಮೆಲ್ಲಗೆ ಕೇಳಿದಳು:

"ನಡುವ ಜಾಹೀರಾತು ಬರೂದಿಲ್ಲಲ್ಲ?"