ಮಾವನ ಕಾರ್ಬೈನಿಗೆ ನಾನು ಕೂರಿಸಿದ ಹೊಸ ಸೈಟು

ನಮ್ಮ ಹೊನ್ನೂರಿನಲ್ಲಿ ಕಬ್ಬಿಗೆ ನೀರು ಹಾಯಿಸುವುದರಿಂದ ಹಿಡಿದು ಮಿಕ್ಸಿ ರಿಪೇರಿಯವರೆಗೆ ನನಗೆ ಬಾರದ ಕೆಲಸವಿಲ್ಲ. ಇದು ನನ್ನ ಅಭಿಪ್ರಾಯ. ಹೆಂಡತಿ ಮಾದೇವಮ್ಮನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ. ಆದರೂ ಹೇಳುತ್ತಿರುತ್ತಾಳೆ!

ಕುಂತೂರಿನ ನನ್ನ ಮಾವ ಮಿಲಿಟರಿಯಲ್ಲಿದ್ದವರು. ಅವರದೊಂದು ಹಳೇ ಕಾಲದ ಮಿಲಿಟರಿ ಕಾರ್ಬೈನ್, ಅಂದರೆ ಗಿಡ್ಡ ರೈಫಲ್. ಲೈಸೆನ್ಸಿಗೆ ಇಬ್ಬರು ಅಳಿಯಂದಿರ ಹೆಸರನ್ನೂ ಸೇರಿಸಿದ್ದರು. ಹಿರಿಯಳಿಯ ನಾನಾದ್ದರಿಂದ ಸದ್ಯಕ್ಕೆ ಅದು ನಮ್ಮ ಮನೆಯಲ್ಲಿತ್ತು. ಕಿರಿಯಳಿಯ, ಹನೂರಿನ ನನ್ನ ಷಡ್ಡಕ ನಂಜುಂಡನ ಕಣ್ಣು ಅದರ ಮೇಲಿತ್ತು. ಕೊಳ್ಳೇಗಾಲದ ರೈಫಲ್ ಕ್ಲಬ್ಬಿನಲ್ಲಿ ಗುರಿ ಪಂದ್ಯವೆಂದು ಗೊತ್ತಾದದ್ದೇ ಮಾವ ತೀರ್ಪು ಕೊಟ್ಟರು: "ಇಬ್ರೂ ಗುರಿ ಒಡೀರಿ. ಯಾರ್ ಗೆಲ್ತೀರೋ ಕಾರ್ಬೈನು ಅವ್ರಿಗೆ."

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆಯುಧಪೂಜೆಯನ್ನೂ ಅದೇ ತಳಮಳದಲ್ಲಿ, ಭಕ್ತಿ ತುಸು ಹೆಚ್ಚಾಗಿಯೇ ಮಾಡಿದೆ.

ಪೂಜೆಯ ಮಾರನೆಯ ದಿನ ಕಾರ್ಬೈನನ್ನು ಒರೆಸಿ ಗುರಿ ಹಿಡಿದು ನೋಡುತ್ತೇನೆ, ಕತ್ತಲೆ! ಇದರ ಹಿಂಭಾಗದಲ್ಲಿ ಮೆಣಸಿನ ಕಾಳು ತೂರುವಷ್ಟು ತೂತಿರುವ ಒಂದು ಕಬ್ಬಿಣದ ಬಿಲ್ಲೆಯಿದೆ. ಅದೇ ಸೈಟು. ಆ ತೂತಿನಿಂದ ನೋಡಿ, ನಳಿಗೆಯ ತುದಿಯ ಮೊಳೆಗೆ ಗುರಿ ಕೂಡಿಸಬೇಕು. ಮೊಳೆಯಿರಲಿ, ಎದುರಿನ ತೆಂಗಿನಮರವೇ ಕಾಣಲಿಲ್ಲ.

"ಸೈಟಿನ ಆಯುಷ್ಯ ಮುಗಿದಿದೆ" ಎಂದು ಘೋಷಿಸಿದೆ.

"ಅಪ್ಪಯ್ಯಂಗೆ ಒಂದ್ಮಾತು ಕೇಳ್ರಿ" ಎಂದಳು ಮಾದೇವಮ್ಮ.

ಕೇಳುವುದೇ? ಕೊಳ್ಳೇಗಾಲದ ಬಂದೂಕು ರಿಪೇರಿ ಅಂಗಡಿಗೆ ಓಡಿದೆ. ಅಂಗಡಿಯ ಸಾಬರು ಮೂರು ಥರದ ಸೈಟುಗಳನ್ನು ಮುಂದಿಟ್ಟರು. ಯಾವುದು ಹೆಚ್ಚು ಹೊಳೆಯುತ್ತಿತ್ತೋ ಅದನ್ನು ಆರಿಸಿದೆ.

"ಹಳೇದ್ಕೆ ಏನಾಗದೆ ಸಾ? ಗನ್ ತಕಂಡ್ ಬನ್ನಿ, ನೋಡ್ತೀನಿ. ನಾಕ್ ದಿನ ಬುಟ್ಟೋಗಿ, ಕೂರಿಸ್ಕೊಡ್ತೀನಿ" ಎಂದರು ಸಾಬರು.

ನಾಲ್ಕು ದಿನ! ಪಂದ್ಯಕ್ಕೆ ಉಳಿದದ್ದು ಎರಡು. "ನಾನೇ ಕೂರಿಸ್ತೀನಿ" ಎಂದೆ. ಸಾಬರು ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು. ಆಗ ಅದನ್ನು ಗೌರವವೆಂದು ತಿಳಿದಿದ್ದೆ.

ಹಳೇ ಸೈಟನ್ನು ಎಡಗಡೆಯಿಂದ ಕುಟ್ಟಿದೆ, ಬರಲಿಲ್ಲ. ಬಲಗಡೆಯಿಂದ ಕುಟ್ಟಿದೆ, ಹೆಬ್ಬೆರಳಿಗೆ ಬಿತ್ತು. ಮೂರನೆಯ ಏಟಿಗೆ ಅದು ಹಾರಿ ಕೊಟ್ಟಿಗೆಯ ಸಗಣಿಯಲ್ಲಿ ಐಕ್ಯವಾಯಿತು. ಹುಡುಕಿ ತೆಗೆದು, ತೊಳೆಯುವ ವ್ಯವಧಾನವಿಲ್ಲದೆ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಹೊಸದು ಹೇಗೋ ಕೂತಿತು.

"ವಸಿ ಬಲಕ್ಕೆ ಸರ್ದದೆ ಕಣ್ರಿ" ಎಂದಳು ಮಾದೇವಮ್ಮ.

"ನಿನ್ ಕಣ್ಣೇ ಸರಿಯಿಲ್ಲ!"

ಪಂದ್ಯದಲ್ಲಿ ತಲಾ ಐದು ಗುಂಡು. ನನ್ನ ಬಲಕ್ಕೆ ನಂಜುಂಡ, ಕ್ಲಬ್ಬಿನ ರೈಫಲ್ ಹಿಡಿದು. ಹೊಸ ಸೈಟಿನಲ್ಲಿ ಎದುರಿನ ಗುರಿಹಲಗೆ ನಿಚ್ಚಳವಾಗಿ ಕಾಣುತ್ತಿತ್ತು. ಐದನ್ನೂ ಹೊಡೆದೆ. ಅಷ್ಟೊಂದು ನೆಮ್ಮದಿಯಾಗಿ ನಾನು ಯಾವತ್ತೂ ಉಸಿರು ಬಿಟ್ಟಿರಲಿಲ್ಲ.

ನನ್ನ ಹಲಗೆಯಲ್ಲಿ ಒಂದೂ ತೂತಿಲ್ಲ. ನಂಜುಂಡನದರಲ್ಲಿ ಎಂಟು!

"ಐದ್ ಗುಂಡ್ಗೆ ಎಂಟ್ ತೂತು ಎಂಗಾಯ್ತು?" ಎಂದು ನಂಜುಂಡನೇ ಬೆರಗಾದ. ಕ್ಲಬ್ಬಿನವರು ಎಣಿಸಿ, ಗುಣಿಸಿ, ಕೊನೆಗೆ ಅವನೇ ಗೆದ್ದನೆಂದರು. ನನ್ನ ಮೂರು ಗುಂಡು ಅವನಿಗೆ ಉಡುಗೊರೆ. ಉಳಿದೆರಡರ ಸುದ್ದಿ ಇಂದಿಗೂ ಇಲ್ಲ.

ಮಾವ ಬಂದು ಕಾರ್ಬೈನನ್ನು ತಿರುಗಿಸಿ ನೋಡಿದರು. "ನನ್ ಸೈಟ್ ಎಲ್ಲಿ ಅಳಿಮಯ್ಯ?"

ಜೇಬಿನಿಂದ ಪೊಟ್ಟಣ ತೆಗೆದುಕೊಟ್ಟೆ. ಮಾವ, ಪಂದ್ಯ ನೋಡಲು ಬಂದಿದ್ದ ಮಾದೇವಮ್ಮನ ಸೆರಗಿನ ಪಿನ್ನು ಕೇಳಿ ಪಡೆದು, ತೂತಿಗೆ ಚುಚ್ಚಿದರು. ಬೆಳ್ಳಗಿನ ಹೆಂಟೆಯೊಂದು ಅಂಗೈಗೆ ಬಿತ್ತು. ಮೂಸಿದರು.

"ಇಬೂತಿ!" ಎಂದರು. "ಪೂಜೇಲಿ ಇದ್ಕೆ ಇಬೂತಿ ಮೆತ್ದೋರ್ಯಾರು?"

ಮಾದೇವಮ್ಮ ನನ್ನತ್ತ ನೋಡಿದಳು. ನೀರಲ್ಲಿ ಕಲಸಿ, ಮೂರು ಬೆರಳಲ್ಲಿ, ಸೈಟಿನ ಮೇಲೇ ಧಾರಾಳವಾಗಿ ಮೂರು ಪಟ್ಟೆ ಎಳೆದವನು ನಾನೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕಾರ್ಬೈನು ಹನೂರಿಗೆ ಹೋಯಿತು. ಅದರ ಹಳೇ ಸೈಟನ್ನು ಸಾಬರೇ ಮತ್ತೆ ಕೂರಿಸಿದರಂತೆ. ಈ ಸಲದ ಆಯುಧಪೂಜೆಗೆ ನನ್ನ ಪಾಲಿಗೆ ಉಳಿದದ್ದು ಕುಡುಗೋಲು, ಗುದ್ದಲಿ ಮತ್ತು ಔಷಧಿ ಹೊಡೆಯುವ ಪಂಪು. ವಿಭೂತಿ ಕಲಸಿಕೊಂಡು ಕೂತು ನೋಡುತ್ತೇನೆ, ಪಂಪಿನ ತುದಿಯ, ಸಣ್ಣ ತೂತಿನ ನಾಜಲ್ ಇಲ್ಲ. ಮಾದೇವಮ್ಮ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು.